ಹಿತ್ತಲಿನ ನೆಲಗಪ್ಪೆಗೆ ಬೇಸಿಗೆಯ ಆಸರೆ

ಚಿತ್ರದುರ್ಗದಂತಹ ಮಳೆ ಕಡಿಮೆಯಿರುವ ಊರಿನಲ್ಲಿ ಹಿತ್ತಲಿಗೆ ಬರುವ ನೆಲಗಪ್ಪೆಯನ್ನು ದಯವಿಟ್ಟು ಓಡಿಸಬೇಡಿ. ರಾತ್ರಿ ಗೆದ್ದಲು, ಇರುವೆ, ದುಂಬಿಗಳನ್ನು ತಿನ್ನುವ ಅದಕ್ಕೆ ಹಗಲಿನಲ್ಲಿ ಬೇಕಾದುದು ತಂಪಾದ ಒಂದು ಮರೆ. ಅಂಚು ಒಡೆದ ಮಣ್ಣಿನ ಕುಂಡವನ್ನು ನೆರಳಿನಲ್ಲಿ, ಒಡೆದ ಭಾಗವೇ ಬಾಗಿಲಾಗುವಂತೆ ಬೋರಲು ಹಾಕಿ, ಒಳಗೆ ತರಗೆಲೆ ಹರಡಿ, ಸಂಜೆ ಸ್ವಲ್ಪ ನೀರು ಚಿಮುಕಿಸಿರಿ. ಕಪ್ಪೆಯು ಬಾಯಿಂದ ಕುಡಿಯದೆ ಹೊಟ್ಟೆಯಡಿಯ ಚರ್ಮದಿಂದಲೇ ನೀರು ಹೀರಿಕೊಳ್ಳುವುದರಿಂದ, ಪಕ್ಕದಲ್ಲಿ 2-3 ಸೆಂಟಿಮೀಟರ್ ಆಳದ ತಟ್ಟೆಯಲ್ಲಿ ನೀರಿಟ್ಟು, ಹತ್ತಿಳಿಯಲು ಚಪ್ಪಟೆ ಕಲ್ಲೊಂದನ್ನು ಇಡಬೇಕು. ಅದೇ ಚರ್ಮ ಕೀಟನಾಶಕವನ್ನೂ ಹೀರುತ್ತದೆಯಾದ್ದರಿಂದ ಅಲ್ಲಿ ಔಷಧಿ ಸಿಂಪಡಿಸುವುದನ್ನು ಸಂಪೂರ್ಣವಾಗಿ ಬಿಡಬೇಕೆಂಬುದು ನನ್ನ ಕಳಕಳಿಯ ಮನವಿ. ಕಣ್ಣಿನ ಹಿಂದೆ ಉಬ್ಬಿರುವ ಗ್ರಂಥಿಗಳಲ್ಲಿ ವಿಷವಿರುತ್ತದೆ. ಮುಟ್ಟಿದರೆ ಕೈ ತೊಳೆಯಿರಿ, ನಾಯಿ ಕಪ್ಪೆಯನ್ನು ಕಚ್ಚದಂತೆ ನೋಡಿಕೊಳ್ಳಿರಿ.