ದೊಡ್ಡ ಬೋರಿನ ರಿವಾಲ್ವರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಅಂಗಡಿಯಲ್ಲಿ ಆರಿಂಚು ನಳಿಗೆಯ ರಿವಾಲ್ವರ್ ಕಂಡು, ಮನಸ್ಸು ತಡೆಯದೆ ಅಂದೇ ಮನೆಗೆ ತರುವುದು ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಧ್ಯ. ಒಂದು ಫಾರಂ, ಒಂದು ಪೂರ್ವಾಪರ ತಪಾಸಣೆ, ದುಡ್ಡು, ಅಷ್ಟೆ. ಕಾಸರಗೋಡಿನಲ್ಲಿ ಆಸೆ ಹುಟ್ಟಿದ ದಿನಕ್ಕೂ ಕೋವಿ ಕೈಗೆ ಬರುವ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಕಾಯುವುದುಂಟು. ನಿಜವಾಗಿ ಬೇಕೋ ಬೇಡವೋ ಎಂದು ತೂಗಿ ನೋಡಲು ಆ ಸಮಯವನ್ನು ಬಳಸಿಕೊಳ್ಳಿ.

ಮೊದಲು ಬೋರ್, ಅಂದರೆ ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ. .455 ಮತ್ತು .380 ರಿಮ್ (ಬುಡದಲ್ಲಿ ಹೊರಚಾಚಿದ ಅಂಚು) ಉಳ್ಳ ತೋಟೆ, ಸೇನೆಯ 9 ಎಂಎಂ ಮತ್ತು .45 ತೋಟೆ ಹಿಡಿಯುವ ಕೈಕೋವಿಗಳೆಲ್ಲ ನಮ್ಮಲ್ಲಿ ನಿಷೇಧಿತ ಬೋರ್. ಅವಕ್ಕೆ ಲೈಸನ್ಸ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಿಲ್ಲ. ಸಾಮಾನ್ಯರಿಗೆ ಹೊಸದಾಗಿ ಸುಲಭದಲ್ಲಿ ಸಿಗುವುದು .32. ಕಾನ್ಪುರದ ಕಾರ್ಖಾನೆಯ .32 ರಿವಾಲ್ವರಿಗೆ ಆರು ತೋಟೆ ಹಿಡಿಯುತ್ತದೆ. .357ರಂಥವು ಹಳೆಯ ಮಾಲಾಗಿ ಕೈಬದಲಾಗಿ ಬಂದರೆ ಉಂಟು. ಅಂಥದ್ದಕ್ಕೆ ಮುಂಗಡ ಕೊಡುವ ಮುಂಚೆ ತೋಟೆ ಎಲ್ಲಿ, ಎಷ್ಟು ಸಿಗುತ್ತದೆಂದು ಕೇಳಿ. ತೋಟೆ ಸಿಗದ ಕೋವಿಯಲ್ಲಿ ಕೈ ಪಳಗುವುದಿಲ್ಲ.

ತೋಟಕ್ಕೆ ಬರುವ ಹಂದಿಗೆಂದು ಕೈಕೋವಿ ಕೊಳ್ಳಲೇಬೇಡಿ. ರಾತ್ರಿ, ಅಡಿಕೆ ಮರಗಳ ನಡುವೆ, ಓಡುವ ಹಂದಿಗೆ ಕೈಕೋವಿಯ ಗುರಿ ನಿಲ್ಲದು. ಗಾಯಗೊಂಡ ಹಂದಿ ತಿರುಗಿ ಮೈಮೇಲೆ ಬೀಳುತ್ತದೆ. ಆ ಕೆಲಸಕ್ಕೆ 12 ಬೋರಿನ ತೋಟೆ ಕೋವಿ ಬೇಕು. 2022ರಲ್ಲಿ ಕೇರಳ ಸರಕಾರ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿದೆ. ಅನುಮತಿಯಿಲ್ಲದೆ ಈಡು ಹಾರಿಸಿದರೆ ವನ್ಯಜೀವಿ ಕಾನೂನಿನ ಕೇಸು.

ಅರ್ಜಿ ಎ-1 ಫಾರಮಿನಲ್ಲಿ, ಆನ್‌ಲೈನಿನಲ್ಲಿ. ಜತೆಗೆ ವೈದ್ಯರ ಎಸ್-3 ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿಯ ಎಸ್-1, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ. ಆಮೇಲೆ ಪೊಲೀಸ್ ವರದಿ, ವಿದ್ಯಾನಗರದ ಕಲೆಕ್ಟರೇಟಿನ ತೀರ್ಮಾನ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಲೈಸನ್ಸಿನ ಅವಧಿ ಐದು ವರ್ಷ, ಒಬ್ಬರಿಗೆ ಹೆಚ್ಚೆಂದರೆ ಎರಡು ಕೋವಿ. ಮನೆಯಲ್ಲಿ ಅಜ್ಜನ ಕಾಲದ ಎರಡು ಕೋವಿ ನಿಮ್ಮ ಹೆಸರಿನಲ್ಲೇ ಇದ್ದರೆ ಮೂರನೆಯದಕ್ಕೆ ಜಾಗವಿಲ್ಲ.

ಲೈಸನ್ಸ್ ಕೈಗೆ ಬಂದೊಡನೆ ವ್ಯಾಪ್ತಿಯ ಕಲಂ, ಅಂದರೆ ಕೋವಿಯನ್ನು ಎಲ್ಲೆಲ್ಲಿ ಒಯ್ಯಬಹುದೆಂಬುದು, ಓದಿ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಪೇಟೆಯೆಂದರೆ ಮಂಗಳೂರು. ಆದರೆ ವ್ಯಾಪ್ತಿ ಕೇರಳಕ್ಕೆ ಮಾತ್ರ ಇದ್ದರೆ ಕೋವಿ ಸೊಂಟದಲ್ಲಿಟ್ಟು ರಾಜ್ಯದ ಗಡಿಯ ತಲಪಾಡಿ ಗೇಟು ದಾಟಿದ ಕ್ಷಣವೇ ಅಪರಾಧ. ದುರಸ್ತಿಗೆ ಒಯ್ಯುವುದಾದರೂ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಇನ್ನು ದೊಡ್ಡ ಬೋರಿನ ಒದೆತ, ಅಂದರೆ ಈಡು ಹಾರುವಾಗ ಕೋವಿ ಹಿಂದಕ್ಕೆ ತಳ್ಳುವ ರಭಸ. ಉದ್ದ ನಳಿಗೆಯ .44 ಮ್ಯಾಗ್ನಮ್ ರಿವಾಲ್ವರ್ ಒಂದೂಕಾಲು ಕಿಲೋ ಮೀರುತ್ತದೆ, ಸದ್ದು 150 ಡೆಸಿಬಲ್ ದಾಟುತ್ತದೆ. 140 ದಾಟಿದರೆ ಒಂದೇ ಈಡಿಗೆ ಕಿವಿ ಕೆಡಬಹುದು. ಕಿವಿಮುಚ್ಚು, ಕನ್ನಡಕ ಇಲ್ಲದೆ ರೇಂಜಿಗೆ ಇಳಿಯಬೇಡಿ. ಎಡಗೈ ಬೆರಳು ತೋಟೆ ಹಿಡಿಯುವ, ತಿರುಗುವ ಸಿಲಿಂಡರಿನ ಮುಂದಿನ ಸಂದಿನ ಹತ್ತಿರ ಸುಳಿಯಬಾರದು, ಅಲ್ಲಿಂದ ಚಿಮ್ಮುವ ಬಿಸಿ ಗ್ಯಾಸು ಚರ್ಮ ಸೀಳುತ್ತದೆ. ಬಹಳ ಮಂದಿ ಎಡವುವುದು ಒದೆತದ ಭಯದಲ್ಲಿ: ಟ್ರಿಗರ್ ಎಳೆಯುವ ಮೊದಲೇ ಮಣಿಕಟ್ಟು ಕೆಳಗೆ ಜಗ್ಗಿ ಗುಂಡು ಗುರಿಯ ಕೆಳಗೆ ಹೋಗುತ್ತದೆ. ಸಿಲಿಂಡರಿನಲ್ಲಿ ಸುಟ್ಟ ತೋಟೆಯ ನಡುವೆ ಒಂದೆರಡು ಹೊಸದು ಹಾಕಿ ತಿರುಗಿಸಿ ಅಭ್ಯಾಸ ಮಾಡಿದರೆ ಆ ಜಗ್ಗು ಕಣ್ಣಿಗೇ ಬೀಳುತ್ತದೆ. ಸಪ್ಪೆ ಸದ್ದು ಬಂದರೆ ಮುಂದಿನ ಈಡು ಬೇಡ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ತೋಟೆ ಹೊತ್ತದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ.

.357 ರಿವಾಲ್ವರಿನಲ್ಲಿ .38 ಸ್ಪೆಷಲ್ ತೋಟೆ ಸುಡುವವರು ಒಂದು ವಿಷಯ ಗಮನಿಸಬೇಕು. .38ರ ತೋಟೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಗಿಡ್ಡ. ಅದರ ಬಾಯಿಯ ಎದುರು ಮಸಿ ಉಂಗುರದಂತೆ ಕಟ್ಟುತ್ತದೆ. ಆಮೇಲೆ .357 ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಬಡಿದು ತಳ್ಳಬೇಡಿ, ಸಿಲಿಂಡರಿನ ಆರೂ ಕೋಣೆಗಳನ್ನು ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ.

ನಮ್ಮ ಮಳೆಗಾಲವೇ ಕೋವಿಯ ದೊಡ್ಡ ಶತ್ರು. ಆಟಿ ತಿಂಗಳಲ್ಲಿ ಚರ್ಮದ ಹೋಲ್‌ಸ್ಟರಿನೊಳಗೆ ಬಿಟ್ಟರೆ ಚರ್ಮ ತೇವ ಹೀರಿ, ಅದು ತಾಗಿದಲ್ಲೆಲ್ಲ ಕಂದು ಚುಕ್ಕಿ. ಹೋಲ್‌ಸ್ಟರ್ ಬೇರೆ, ಕೋವಿ ಬೇರೆ ಇಡಿ. ತೆಂಗಿನೆಣ್ಣೆ ಹಚ್ಚಬೇಡಿ, ದಿನ ಕಳೆದಂತೆ ಅಂಟಾಗಿ ಟ್ರಿಗರಿನ ಸ್ಪ್ರಿಂಗ್ ಬಿಗಿಯುತ್ತದೆ. ಕೋವಿ ಎಣ್ಣೆಯ ಎರಡು ಹನಿ ಬಟ್ಟೆಗೆ ಬಿಟ್ಟು ತೆಳ್ಳಗೆ ಒರಸಿ, ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಉಕ್ಕಿನ ಕಪಾಟಿನಲ್ಲಿಡಿ. ಬೆವರು ಕೈ ಮುಟ್ಟಿದ ಮೇಲೆ ಮತ್ತೊಮ್ಮೆ ಒರಸಿ. ತೋಟೆಗೆ ಬೇರೆ ಬೀಗ, ಬೇರೆ ಕೋಣೆ. ಕೀಲಿಯ ಜಾಗ ಮಕ್ಕಳಿಗೆ ತಿಳಿಯಬಾರದು.

ಮದುವೆಯಲ್ಲಿ, ಉತ್ಸವದಲ್ಲಿ ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಚುನಾವಣೆ ಬಂದಾಗ ಠಾಣೆಯಿಂದ ಕೋವಿ ಠೇವಣಿಯಿಡಲು ಕರೆ ಬರುತ್ತದೆ. ಕೊಡುವ ಮುಂಚೆ ಎಣ್ಣೆ ಒರಸಿ, ನಂಬರ್ ಬರೆದ ರಶೀದಿ ಪಡೆಯಿರಿ. ಮರಳಿ ಬಂದ ದಿನವೇ ಖಾಲಿ ಇದೆಯೆಂದು ಎರಡು ಸಲ ನೋಡಿ, ತೆರೆದು, ನಳಿಗೆಯ ಹಿಂಬಾಯಿಗೆ ಬಿಳಿ ಕಾಗದದ ಚೂರು ಹಿಡಿದು ಮುಂದಿನಿಂದ ಇಣುಕಿ. ತಿರುಪಿನ ಗೆರೆಗಳು ಹೊಳೆಯಬೇಕು. ಮಬ್ಬಾಗಿ ಕಂಡರೆ ಅಂದೇ ಬ್ರಷ್ಷು ಹಾಕಿ, ನಾಳೆಗೆ ಅದು ಗುಳಿಯಾಗುತ್ತದೆ.