ಹಳೆಯ ಪಾತ್‌ಫೈಂಡರ್‌ಗೆ ಟ್ರೈಲರ್ ಕಟ್ಟುವ ಮುನ್ನ

2005ರಿಂದ 2012ರವರೆಗೆ ಅಮೆರಿಕದಲ್ಲಿ ಮಾರಾಟವಾದ ನಿಸಾನ್ ಪಾತ್‌ಫೈಂಡರ್ (ಆರ್51 ಮಾದರಿ) ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಲ್ಯಾಡರ್ ಚಾಸಿಯ (ಏಣಿಯಂಥ ಚೌಕಟ್ಟಿನ) ಗಾಡಿ, 4 ಲೀಟರಿನ ವಿ6 ಎಂಜಿನ್, ಎಳೆಯುವ ಮಿತಿ 6,000 ಪೌಂಡ್, ಅಂದರೆ ಸುಮಾರು 2,720 ಕೆಜಿ. ದೋಣಿಗೋ ಕ್ಯಾಂಪಿಂಗ್ ಟ್ರೈಲರ್‌ಗೋ ಒಂದು ಎಸ್‌ಯುವಿ ಬೇಕೆನ್ನುವ ಅಲ್ಲಿನ ಕನ್ನಡ ಕುಟುಂಬಗಳಿಗೆ ಇದು ಒಳ್ಳೆಯ ಆಯ್ಕೆಯೇ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ: ಏನು ಭಾಗ ಜೋಡಿಸಿದರೂ ಕಂಪನಿ ಕೊಟ್ಟ ಮಿತಿ ಒಂದು ಪೌಂಡ್ ಕೂಡ ಹೆಚ್ಚುವುದಿಲ್ಲ. ಟ್ರೈಲರ್ ಸಿಕ್ಕಿಸುವ ಹಿಚ್ ದೊಡ್ಡದಾದ ಮಾತ್ರಕ್ಕೆ ಬ್ರೇಕ್, ಆಕ್ಸಲ್, ಗೇರ್‌ಬಾಕ್ಸ್ ದೊಡ್ಡದಾಗುವುದಿಲ್ಲ. ಆ ಮಿತಿಯೊಳಗಿನ ಭಾರವನ್ನು ಹದಿನೈದು ವರ್ಷ ಹಳೆಯ ಗಾಡಿ ಬಿಸಿಯಾಗದೆ ಎಳೆಯಬೇಕು, ಬೇಕೆಂದಾಗ ನಿಲ್ಲಿಸಬೇಕು. ಖರ್ಚು ಮಾಡಬೇಕಾದದ್ದು ಅದಕ್ಕೆ.

ಮೊದಲು ರೇಡಿಯೇಟರ್

ಈ ಗಾಡಿಯ ದೊಡ್ಡ ಅಪಾಯ ಇರುವುದು ಇಲ್ಲೇ. ಗೇರ್‌ಬಾಕ್ಸ್ ಎಣ್ಣೆಯನ್ನು ತಣಿಸುವ ಪುಟ್ಟ ಕೂಲರ್ ರೇಡಿಯೇಟರ್‌ನ ಒಳಗೇ ಇದೆ. 2005ರಿಂದ 2010ರವರೆಗಿನ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಂಟಿಯರ್ ಗಾಡಿಗಳಲ್ಲಿ ಈ ಒಳಕೂಲರ್ ಬಿರುಕು ಬಿಟ್ಟು ಕೂಲಂಟ್ (ಎಂಜಿನ್ ತಣಿಸುವ ದ್ರವ) ಮತ್ತು ಎಣ್ಣೆ ಒಂದರೊಳಗೊಂದು ಬೆರೆತ ಪ್ರಕರಣಗಳು ಬಹಳ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ಮತ್ತು ನೀರು ಗೇರ್‌ಬಾಕ್ಸ್‌ನ ಕ್ಲಚ್ ಪ್ಲೇಟುಗಳ ಅಂಟನ್ನೇ ಬಿಡಿಸುತ್ತವೆ. ಗಂಟೆಗೆ 40 ಮೈಲಿ ಆಸುಪಾಸಿನಲ್ಲಿ ಗಾಡಿ ಗಡಗಡ ನಡುಗತೊಡಗಿದರೆ ಬಹುತೇಕ ತಡವಾಗಿದೆ ಎಂದೇ ತಿಳಿಯಿರಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲಂಟ್ ತಿಳಿಯಾಗಿರಬೇಕು, ಮೇಲೆ ಎಣ್ಣೆಯ ಕೆನೆ ಕಟ್ಟಿರಬಾರದು. ಬಳಿಕ ಗೇರ್‌ಬಾಕ್ಸ್‌ನ ಎಣ್ಣೆ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆಯಿರಿ. ಅದನ್ನು 10 ಎಂಎಂ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಹಾಗಾಗಿ ಎಷ್ಟೋ ಮಾಲೀಕರು ಅದನ್ನು ಒಮ್ಮೆಯೂ ತೆಗೆದಿರುವುದಿಲ್ಲ. ಕಡ್ಡಿಯ ಮೇಲೆ ಗುಲಾಬಿ ಬಣ್ಣದ ಹಾಲಿನಂಥ ನೊರೆ ಕಂಡರೆ ಟ್ರೈಲರ್ ಯೋಚನೆ ಅಲ್ಲಿಗೇ ಬಿಡಿ. ಎಣ್ಣೆ ಬದಲಿಸಿ ನಾಲ್ಕು ದಿನ ಓಡಿಸಬಹುದೇನೋ, ಭಾರ ಎಳೆಯಲಾಗದು.

ಎರಡೂ ಸ್ವಚ್ಛವಾಗಿದ್ದರೆ, ಹಳೆಯ ರೇಡಿಯೇಟರ್ ಒಡೆಯುವ ತನಕ ಕಾಯದೆ ಬದಲಿಸಿ. ಜೊತೆಗೆ ಹೊರಗೊಂದು ಸ್ಟ್ಯಾಕ್ಡ್ ಪ್ಲೇಟ್ (ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ) ಕೂಲರ್ ಕೂಡಿಸಿ. ಗೇರ್‌ಬಾಕ್ಸ್‌ನಿಂದ ಹೊರಟ ಬಿಸಿ ಎಣ್ಣೆ ರೇಡಿಯೇಟರ್ ದಾಟಿ, ಹೊರ ಕೂಲರ್ ಹೊಕ್ಕು ವಾಪಸಾಗಬೇಕು. ಅರಿಜೋನಾ, ಟೆಕ್ಸಾಸ್‌ನಂಥ ಬಿಸಿಲು ಸೀಮೆಯಲ್ಲಿ ರೇಡಿಯೇಟರ್‌ನ ಒಳಕೂಲರನ್ನು ಪೂರ್ತಿ ಬಿಟ್ಟು ಹೊರ ಕೂಲರ್ ಒಂದನ್ನೇ ನೆಚ್ಚಬಹುದು. ಮಿನೆಸೋಟಾದಂಥ ಚಳಿಯಲ್ಲಿ ಬೇಡ, ಎಣ್ಣೆ ಕಾಯುವುದೇ ಇಲ್ಲ.

ಕೂಲರನ್ನು ಎಸಿಯ ಶಾಖ ಹೊರಬಿಡುವ ಕಂಡೆನ್ಸರ್‌ನ ಮುಂದೆ, ನಡುವೆ ಸುಮಾರು 6 ಎಂಎಂ ಜಾಗ ಬಿಟ್ಟು ಕೂರಿಸಿ. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ದಾರಗಳನ್ನು ಕಂಡೆನ್ಸರ್‌ನ ರೆಕ್ಕೆಗಳ ನಡುವೆ ತೂರಿಸಿ ಕಟ್ಟಬೇಡಿ. ಓಡಾಟದ ಅದುರಿಗೆ ಅವು ಉಜ್ಜಿ ಉಜ್ಜಿ ಕಂಡೆನ್ಸರ್‌ಗೆ ತೂತು ಬೀಳುತ್ತದೆ. ತಗಡಿನ ಪಟ್ಟಿ ಮಾಡಿ ಬೋಲ್ಟ್ ಹಾಕಿ. ಮಾಮೂಲಿ ಪೆಟ್ರೋಲ್ ಪೈಪ್ ಸಾಲದು, ಗೇರ್‌ಬಾಕ್ಸ್ ಎಣ್ಣೆಗೆಂದೇ ಬರುವ ಹೋಸ್ ಬೇಕು. ಲೋಹದ ಪೈಪನ್ನು ಕತ್ತರಿಸಿದ್ದರೆ ತುದಿಯಲ್ಲಿ ಉಬ್ಬು ಎಬ್ಬಿಸಿ. ನುಣ್ಣನೆಯ ತುದಿಗೆ ಹಾಕಿದ ಹೋಸ್ ಒತ್ತಡಕ್ಕೆ ಜಾರಿದರೆ ಕೆಲವೇ ನಿಮಿಷದಲ್ಲಿ ಗೇರ್‌ಬಾಕ್ಸ್ ಬರಿದಾಗುತ್ತದೆ.

ಗೇರ್‌ಬಾಕ್ಸ್ ಎಣ್ಣೆ ನಿಸಾನ್‌ನ ಮ್ಯಾಟಿಕ್-ಎಸ್ ಆಗಿರಲಿ. ಒಮ್ಮೆ ಡ್ರೇನ್ ಮಾಡಿದರೆ ಒಳಗಿನದರಲ್ಲಿ ಒಂದು ಭಾಗವಷ್ಟೇ ಹೊರಬರುತ್ತದೆ. ಆದ್ದರಿಂದ ನಡುನಡುವೆ ಒಂದಷ್ಟು ಓಡಿಸಿ ಮೂರು ಸಲ ಬದಲಿಸಿ. ಬಳಿಕ ಗಾಡಿಯ ಕಂಪ್ಯೂಟರ್‌ನ ಮಾಹಿತಿ ಸಿಗುವ ಓಬಿಡಿ ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲೇ ಎಣ್ಣೆಯ ಶಾಖ ನೋಡುತ್ತಿರಿ. 80ರಿಂದ 95 ಡಿಗ್ರಿ ಸೆಲ್ಸಿಯಸ್ ನೆಮ್ಮದಿಯ ಮಟ್ಟ. 115 ದಾಟುತ್ತಿದ್ದರೆ ಗೇರ್ ಇಳಿಸಿ, ವೇಗ ತಗ್ಗಿಸಿ. ಅದಕ್ಕೂ ಬಗ್ಗದಿದ್ದರೆ ಪಕ್ಕಕ್ಕೆ ಹಾಕಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಹೋಗುವ ಐ-5 ಹೆದ್ದಾರಿಯ ಗ್ರೇಪ್‌ವೈನ್ ದಾರಿಯಲ್ಲಿ 6 ಶೇಕಡಾ ಏರಿಳಿತವಿದೆ. ಬೇಸಿಗೆಯ ಮಧ್ಯಾಹ್ನ ಇಂಥ ಕಡೆಯೇ ಗೇರ್‌ಬಾಕ್ಸ್‌ನ ನಿಜವಾದ ಪರೀಕ್ಷೆ.

ತೂಕದ ಲೆಕ್ಕ

ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕರ್ ನೋಡಿ. ಜನ ಮತ್ತು ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದೆಂದು ಅಲ್ಲಿರುತ್ತದೆ. ಟ್ರೈಲರ್‌ನ ಮೂತಿ ಹಿಚ್‌ನ ಲೋಹದ ಗುಂಡಿನ (ಬಾಲ್) ಮೇಲೆ ಒತ್ತುವ ಭಾರ, ಅಂದರೆ ಟಂಗ್ ತೂಕ, ಇದರೊಳಗೇ ಬರಬೇಕು. ಅದು ಟ್ರೈಲರ್ ತೂಕದ 10ರಿಂದ 15 ಶೇಕಡಾ ಇರಲೇಬೇಕು. ಕಡಿಮೆಯಾದರೆ ಟ್ರೈಲರ್ ಹಿಂದಿನಿಂದ ಬಾಲ ಆಡಿಸತೊಡಗುತ್ತದೆ.

ಸ್ಟಿಕರ್‌ನಲ್ಲಿ 1,150 ಪೌಂಡ್ ಇದೆಯೆನ್ನೋಣ. ನಾಲ್ವರು ದೊಡ್ಡವರು 600, ಲಗೇಜ್ 150, ಹಿಚ್ ಸಾಮಗ್ರಿ 80. ಉಳಿದದ್ದು 320. ಟಂಗ್ ತೂಕ 12.5 ಶೇಕಡಾ ಹಿಡಿದರೆ ಟ್ರೈಲರ್ 2,560 ಪೌಂಡ್ ಮೀರುವಂತಿಲ್ಲ. ಅದೇ ಗಾಡಿಯಲ್ಲಿ ಇಬ್ಬರೇ (320 ಪೌಂಡ್) ಕೂತು, 100 ಪೌಂಡ್ ಸಾಮಾನು ಇಟ್ಟರೆ 650 ಉಳಿಯುತ್ತದೆ, ಆಗ 5,200ರವರೆಗೆ ಎಳೆಯಬಹುದು. ಜಾಹೀರಾತಿನ 6,000 ನೋಡಿ ಟ್ರೈಲರ್ ಕೊಂಡವರು ಎಡವುವುದು ಇಲ್ಲೇ.

ಟಂಗ್ ತೂಕವನ್ನು ಮನೆಯ ತೂಕದ ಯಂತ್ರದಲ್ಲೇ ಅಳೆಯಬಹುದು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ ಇರಲಿ. ಇಟ್ಟಿಗೆಯಿಂದ 1 ಅಡಿ, ಯಂತ್ರದಿಂದ 2 ಅಡಿ ದೂರದಲ್ಲಿ ಟ್ರೈಲರ್ ಮೂತಿಯನ್ನು ಇಳಿಸಿ. ಬಂದ ಅಂಕಿಯ ಮೂರು ಪಟ್ಟು ನಿಮ್ಮ ಟಂಗ್ ತೂಕ. ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರೈಲರ್ ಮಟ್ಟವಾಗಿ ನಿಂತಿರುವಾಗ ಮಾಡಬೇಕು.

ಗಾಡಿಯ ಹಿಂಭಾಗ ಕುಸಿದರೆ ಸ್ಪ್ರಿಂಗ್ ಒಳಗೆ ಕೂರುವ ಏರ್‌ಬ್ಯಾಗ್ ಹಾಕಿಸುವವರಿದ್ದಾರೆ. ಅದು ಹಿಂಭಾಗ ಎತ್ತುತ್ತದೆ, ಅಷ್ಟೇ. ಮುಂದಿನ ಚಕ್ರಗಳು ಕಳೆದುಕೊಂಡ ಭಾರವನ್ನು ವಾಪಸ್ ತರುವುದಿಲ್ಲ, ಸ್ಟೀರಿಂಗ್ ಹಗುರವಾಗಿಯೇ ಉಳಿಯುತ್ತದೆ. ಆ ಕೆಲಸಕ್ಕೆ, ಬಿಗಿದ ಸರಳುಗಳ ಬಲದಿಂದ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕು. ಮುಂದಿನ ಚಕ್ರದ ಮೇಲಿನ ಫೆಂಡರ್ ಎತ್ತರವನ್ನು ಟ್ರೈಲರ್ ಇಲ್ಲದೆ ಒಮ್ಮೆ, ಕಟ್ಟಿದ ಮೇಲೆ ಒಮ್ಮೆ ಅಳೆಯಿರಿ. ಬಳಿಕ ಸರಳುಗಳನ್ನು ಬಿಗಿಯುತ್ತಾ, ಏರಿದ್ದರಲ್ಲಿ ಕನಿಷ್ಠ ಅರ್ಧದಷ್ಟು ಇಳಿಯುವಂತೆ ಮಾಡಿ. ಮೊದಲಿದ್ದ ಎತ್ತರಕ್ಕಿಂತ ಕೆಳಗೆ ಮಾತ್ರ ಹೋಗಬಾರದು, ಹೋದರೆ ಹಿಂದಿನ ಟೈರಿನ ಹಿಡಿತ ತಪ್ಪುತ್ತದೆ.

ಹಿಚ್, ಬಾಲ್ ಕೂರುವ ಬಾಲ್ ಮೌಂಟ್, ಬಾಲ್ ಮೂರರ ಮೇಲೂ ಮಿತಿ ಅಚ್ಚಾಗಿರುತ್ತದೆ. ಎಲ್ಲಕ್ಕಿಂತ ಕಡಿಮೆ ಇರುವುದೇ ನಿಮ್ಮ ಮಿತಿ. ಬಾಲ್‌ನ ನಟ್ ಕೈಯಂದಾಜಿಗೆ ಬಿಗಿಯಬೇಡಿ. ಬಾಲ್‌ನ ಕೆಳಗಿನ 1 ಇಂಚಿನ ದಂಡಕ್ಕೆ ಸಾಮಾನ್ಯವಾಗಿ 250 ಫುಟ್-ಪೌಂಡ್ ಟಾರ್ಕ್ ಬೇಕು.

ಬ್ರೇಕ್ ಮತ್ತು ವೈರಿಂಗ್

ಟ್ರೈಲರ್‌ಗೆ ಅದರದೇ ಬ್ರೇಕ್ ಇರಬೇಕೆಂಬ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡಿನಿಂದಲೇ ಬೇಕು, ಟೆಕ್ಸಾಸ್‌ನಲ್ಲಿ 4,500ರ ಮೇಲೆ. ಕಾನೂನು ಏನೇ ಇರಲಿ, 2,000 ಪೌಂಡ್ ಮೀರಿದ ಟ್ರೈಲರನ್ನು ಬ್ರೇಕ್ ಇಲ್ಲದೆ ಎಳೆಯಬಾರದು.

ಗಾಡಿಯ ಹಳೆಯ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿಸಿ. ಅದು ನೀರಿನಂಶ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಗೆ ಕುದಿದರೆ, ತೇವ ಹೀರಿದ್ದಕ್ಕೆ 140 ಡಿಗ್ರಿಯೇ ಸಾಕು. ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ನೆಲ ಮುಟ್ಟುವುದು ಹೀಗೇ.

ಟ್ರೈಲರ್‌ನ ವಿದ್ಯುತ್ ಬ್ರೇಕನ್ನು ಗಾಡಿಯೊಳಗಿನಿಂದ ನಡೆಸಲು ಪ್ರಪೋರ್ಷನಲ್ ಕಂಟ್ರೋಲರ್ ಆರಿಸಿ. ನೀವು ಎಷ್ಟು ಜೋರಾಗಿ ನಿಲ್ಲಿಸುತ್ತೀರೋ ಟ್ರೈಲರ್ ಕೂಡ ಅಷ್ಟೇ ಹಿಡಿಯುತ್ತದೆ. ಅಗ್ಗದ ಟೈಮ್ ಡಿಲೇ ಮಾದರಿಗೆ ಆ ಅಂದಾಜು ಇಲ್ಲ. ಒಂದೊಂದು ಚಕ್ರದ ಬ್ರೇಕಿನ ಅಯಸ್ಕಾಂತ ಸುಮಾರು 3 ಆಂಪ್ ಎಳೆಯುತ್ತದೆ, ಎರಡು ಆಕ್ಸಲ್‌ನ ನಾಲ್ಕು ಚಕ್ರಕ್ಕೆ 12 ಆಂಪ್. ಬ್ಯಾಟರಿಯಿಂದ 10 ಗೇಜ್ ದಪ್ಪದ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ 20 ಆಂಪ್ ಬ್ರೇಕರ್ ಹಾಕಿ. ಅರ್ತ್ ವೈರನ್ನು ಬಣ್ಣ ಕೆರೆದ ಚಾಸಿಗೆ ಬೋಲ್ಟ್ ಮಾಡಿ. ದೀಪ ಮಿಣುಕುವುದು, ಬ್ರೇಕ್ ಒಮ್ಮೆ ಹಿಡಿದು ಒಮ್ಮೆ ಬಿಡುವುದು ಹೆಚ್ಚಾಗಿ ಕೆಟ್ಟ ಅರ್ತ್‌ನಿಂದಲೇ.

ಏಳು ಪಿನ್‌ನ ಸಾಕೆಟ್‌ನಲ್ಲಿ ವೈರಿನ ಬಣ್ಣ ನಂಬಬೇಡಿ. ಒಂದು ಪದ್ಧತಿಯಲ್ಲಿ ಹಸಿರು ಬಲಗಡೆಯ ಇಂಡಿಕೇಟರ್, ಇನ್ನೊಂದರಲ್ಲಿ ಅದೇ ಹಸಿರು ಹಿಂದಿನ ದೀಪ. ಪಿನ್ ಒಂದೊಂದನ್ನೂ ಮೀಟರ್ ಇಟ್ಟು ನೋಡಿಯೇ ಜೋಡಿಸಿ.

ಖಾಲಿ, ಒಣಗಿದ, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಕೈ ಲಿವರನ್ನು ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಲಾಕ್ ಆದರೆ ಗೇನ್ (ಬ್ರೇಕಿಗೆ ಕೊಡುವ ಬಲದ ಮಟ್ಟ) ಸ್ವಲ್ಪ ಇಳಿಸಿ, ಲಾಕ್ ಆಗುವ ಅಂಚಿಗೆ ತುಸು ಕೆಳಗೆ ನಿಲ್ಲಿಸಿ. ಟ್ರೈಲರ್ ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಇದೇ ಲಿವರ್ ಇನ್ನೊಂದು ಸಂದರ್ಭಕ್ಕೂ ಬೇಕು: ಟ್ರೈಲರ್ ಓಲಾಡತೊಡಗಿದಾಗ ಗಾಡಿಯ ಬ್ರೇಕ್ ತುಳಿಯದೆ, ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಲಿವರ್ ಮಾತ್ರ ಮೆಲ್ಲಗೆ ಒತ್ತಿ. ಹಿಂದಿನಿಂದ ಎಳೆತ ಸಿಕ್ಕಿದರೆ ಟ್ರೈಲರ್ ನೇರವಾಗುತ್ತದೆ.

ಹೊರಡುವ ದಿನ

ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ದಾಟಿಸಿ ಕಟ್ಟಿ, ಬಾಲ್ ಕಳಚಿದರೂ ಮೂತಿ ಅವುಗಳ ಮೇಲೆ ಬೀಳುತ್ತದೆ. ಟ್ರೈಲರ್ ಕಳಚಿದರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ಬ್ರೇಕ್‌ಅವೇ ಕೇಬಲ್ ಸರಪಳಿಗಲ್ಲ, ಬಾಲ್ ಮೌಂಟ್‌ಗಲ್ಲ, ಗಾಡಿಗೇ ಸಿಕ್ಕಿಸಬೇಕು. ಟ್ರೈಲರ್ ಟೈರಿನ ಬದಿಯಲ್ಲಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದನ್ನು, ಟ್ರೆಡ್ (ಟೈರಿನ ಮೇಲ್ಮೈ ಗೀರು) ಎಷ್ಟೇ ಚೆನ್ನಾಗಿ ಕಂಡರೂ, ಹಾಕಿಕೊಂಡು ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಗರಿಷ್ಠ ವೇಗ 55 ಮೈಲಿ.

ಚಕ್ರ ಬಿಚ್ಚಿ ಹಾಕಿದ್ದರೆ ಲಗ್ ನಟ್‌ಗಳನ್ನು 10, 25, 50 ಮೈಲಿಗೆ ಒಮ್ಮೊಮ್ಮೆ ಟಾರ್ಕ್ ರೆಂಚ್‌ನಲ್ಲಿ ಪರೀಕ್ಷಿಸಿ. ಮೊದಲ ಸಲ ನಿಲ್ಲಿಸಿದಾಗ ಟ್ರೈಲರ್‌ನ ಒಂದೊಂದು ಹಬ್‌ಗೂ (ಚಕ್ರದ ನಡುಭಾಗ) ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಶಾಖದಲ್ಲಿರಬೇಕು. ಒಂದು ಮಾತ್ರ ತುಂಬಾ ಬಿಸಿಯಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಕಚ್ಚಿಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕ್ ಕೆಲಸ ಮಾಡುತ್ತಿಲ್ಲ, ಅಲ್ಲಿಗೆ ಹೋಗುವ ವೈರ್ ಹುಡುಕಿ.