ಮಾಡಿಗೆ ತಗಡಿನ ಸೀಟು, ಸೀಟಿನ ಮೇಲೆ ಹಂಚು, ಗೋಡೆಗೂ ಹಂಚು

ಮನೆಯ ಪಡುವಣ ಗೋಡೆಗೆ ಹೊರಗಡೆಯಿಂದ ಹಂಚು ಹೊದಿಸಿದ್ದೇನೆ. ಮೂರು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಈಗ ಕಳೆದಿದೆ. ನಮ್ಮ ಪಡುವಣ ಗೋಡೆಯ ಒಳಗಡೆ ಶ್ರಾವಣದಲ್ಲೂ ಕ್ಯಾಲೆಂಡರ್ ನೇತು ಹಾಕಬಹುದು, ಹಿಂದೆ ಬೂಷ್ಟು ಹಿಡಿಯುವುದಿಲ್ಲ. ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ, ಹುಲಿಕಲ್ ಘಾಟಿಗೆ ಹತ್ತಿರ. ಈ ಸೀಮೆಯಲ್ಲಿ ಮನೆ ಕಟ್ಟಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಇಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬಡಿಯುವುದೇ ಜಾಸ್ತಿ. ಆದರೂ ಎಲ್ಲರೂ ದುಡ್ಡು ಸುರಿಯುವುದು ಮಾಡಿಗೆ, ಅಂದರೆ ಛಾವಣಿಗೆ. ಗೋಡೆಗೆ ಒಂದು ಡಬ್ಬಿ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಾರೆ.

ಅಪ್ಪನ ಕಾಲದಲ್ಲಿ ಮೇ ಕೊನೆಗೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಈಗ ಕಟ್ಟುವ ಜನ ಸಿಗುವುದಿಲ್ಲ, ಸಿಕ್ಕರೆ ಅವರ ಸಂಬಳ ಕೇಳಿ ನಾವೇ ಹಿಂದೆ ಸರಿಯಬೇಕು. ಬದಲಿಗೆ ಟಾರ್ಪಾಲು ಕಟ್ಟಿದೆವು. ಜುಲೈ ಗಾಳಿಗೆ ಹರಿಯಿತು, ಹರಿಯದ ಕಡೆ ಗೋಡೆಗೆ ಅಂಟಿಕೊಂಡು ಶೀತ ಹಿಡಿಸಿತು. ಆಮೇಲೆ ವಾಟರ್‌ಪ್ರೂಫ್ ಪೇಂಟು. ಕೂಲಿ ಸೇರಿ 28 ಸಾವಿರದ ಹತ್ತಿರ ಆಯಿತು. ಮರುವರ್ಷ ಆಗಸ್ಟಿಗೆ ಪೇಂಟು ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು, ಬೆರಳಲ್ಲಿ ಒತ್ತಿದರೆ ಒಳಗಿಂದ ನೀರು. ನಮ್ಮದು ಜಂಬಿಟ್ಟಿಗೆ (ಕೆಂಪು ಮುರಕಲ್ಲಿನ) ಗೋಡೆ. ಕೂದಲೆಳೆ ಬಿರುಕು ಸಿಕ್ಕರೂ ಸಾಕು, ನೀರು ಕುಡಿಯುತ್ತೆ. ಕುಡಿದದ್ದನ್ನು ಹೊರಗೆ ಬಿಡಲು ಪೇಂಟು ಬಿಡುವುದಿಲ್ಲ. ಪೇಂಟು ಅಂಗಡಿಯವರು ಮಾತ್ರ ಈಗಲೂ ಇನ್ನೊಂದು ಕೋಟ್ ಹೊಡೆಸಿ ಅಂತಲೇ ಹೇಳುತ್ತಾರೆ.

ಪಿವಿಸಿ ಪ್ಯಾನೆಲ್ಲನ್ನು ಹಿಂದಿನ ಒಂದು ತುಂಡು ಗೋಡೆಗೆ ಹೊಡೆಸಿ ನೋಡಿದೆ. ಎರಡು ಬೇಸಿಗೆಗೆ ಬಿಸಿಲು ತಿಂದು ಚಟಚಟ ಮುರಿಯಿತು, ಹಿಂದೆ ಕಣಜ ಗೂಡು ಕಟ್ಟಿತ್ತು. ಬಚ್ಚಲ ಕಡೆ ಫೈಬರ್ ಸಿಮೆಂಟ್ ಬೋರ್ಡ್ ಹಾಕಿಸಿದೆ. ಅದು ಪರವಾಗಿಲ್ಲ, ಆದರೆ ಕೊಯ್ದ ಅಂಚಿಗೆ ಬಣ್ಣ ಬಳಿಯದೆ ಬಿಟ್ಟರೆ ಅಲ್ಲಿಂದಲೇ ನೀರು ಎಳೆದು ಊದಿಕೊಳ್ಳುತ್ತೆ. ಗೋಡೆಗೆ ಬಣ್ಣದ ಸೀಟು ಹೊಡೆಸಿಕೊಂಡವರು ನಮ್ಮೂರಲ್ಲೇ ಇದ್ದಾರೆ. ಮಳೆಗೆ ಗಟ್ಟಿ. ಆದರೆ ಮಾರ್ಚಿ ಸಂಜೆ ಆ ಕೋಣೆಯಲ್ಲಿ ಕೂತು ನೋಡಿ.

ಮಾಡಿನ ವಿಷಯ ಬೇಗ ಮುಗಿಸುತ್ತೇನೆ. ಬರೀ ಹಂಚಾದರೆ ಮಂಗಗಳು ಬಿಡುವುದಿಲ್ಲ. ಬರೀ ಸೀಟಾದರೆ ಮಳೆ ಸದ್ದಿಗೆ ಫೋನಲ್ಲಿ ಮಾತಾಡುವ ಹಾಗಿಲ್ಲ, ಬೇಸಿಗೆಯಲ್ಲಿ ಸೆಖೆ, ಚಳಿಗಾಲದ ಬೆಳಿಗ್ಗೆ ಸೀಟಿನ ಅಡಿ ಬೆವರಿ ಹನಿ ಬೀಳುತ್ತೆ. ಎರಡೂ ಹಾಕಿಸಿದೆ. ಜಿಐ (ಸತು ಲೇಪಿಸಿದ ಕಬ್ಬಿಣ) ಟ್ರಸ್, ಅಂದರೆ ಮಾಡು ಹೊರುವ ಚೌಕಟ್ಟು, ಅದರ ಮೇಲೆ ಅರ್ಧ ಎಂಎಂ ಸೀಟು, ಸೀಟಿನ ಉಬ್ಬಿನ ಮೇಲೆ ರೀಪು (ಅಡ್ಡಪಟ್ಟಿ), ರೀಪಿಗೆ ಹಂಚು. ಮಂಗ ಹಂಚು ಒಡೆದರೂ ನೀರು ಸೀಟಿನ ತಗ್ಗಿನಲ್ಲಿ ಇಳಿದು ಹೋಗುತ್ತೆ. ಸ್ಕ್ರೂ ಉಬ್ಬಿನ ಮೇಲೇ ಬೀಳಬೇಕು, ತಗ್ಗಿನಲ್ಲಿ ಒಂದು ಬಿದ್ದರೂ ಸೋರುವ ಜಾಗ ಹುಡುಕಿ ಸಾಕಾಗುತ್ತೆ. ರಬ್ಬರ್ ವಾಷರಿನಲ್ಲಿ ಹತ್ತಿಪ್ಪತ್ತು ಪೈಸೆ ಉಳಿಸಲು ಹೋಗಬೇಡಿ. ಟ್ರಸ್ಸನ್ನು ಹಂಚಿನ ಭಾರಕ್ಕೇ ಮಾಡಿಸಿ. ಸೀಟು ಚದರ ಮೀಟರಿಗೆ ನಾಲ್ಕೈದು ಕೆಜಿ, ಹಂಚು ಒಣಗಿದ್ದಾಗಲೇ 35 ಕೆಜಿ ಸಮೀಪ, ನೆನೆದರೆ ಇನ್ನೂ ಜಾಸ್ತಿ. ಸೀಟಿನ ಲೆಕ್ಕದ ಇಳಿಜಾರೂ ಹಂಚಿಗೆ ಸಾಲುವುದಿಲ್ಲ, 30 ಡಿಗ್ರಿ ಹತ್ತಿರ ಬೇಕು. ಏಪ್ರಿಲಿನ ಮಧ್ಯಾಹ್ನ ಹಳೆ ಸೀಟಿನ ಕೋಣೆಯಲ್ಲಿ 37 ಇದ್ದದ್ದು ಈಗ 32-33ರಲ್ಲಿ ನಿಲ್ಲುತ್ತೆ, ನಮ್ಮ ಮಾಮೂಲಿ ಥರ್ಮಾಮೀಟರ್ ಪ್ರಕಾರ.

ಇನ್ನು ಗೋಡೆ. ಮೇಸ್ತ್ರಿಗೆ ಹೇಳಿದಾಗ, "ಗೌಡ್ರೇ, ಗೋಡೆಗೆ ಹಂಚು ಹಾಕಿ ಮಾಡಿಗೆ ಸುಣ್ಣ ಬಳೀತೀರಾ?" ಅಂತ ನಕ್ಕ. ಭಾವ ಸಾಗರದಿಂದ ಫೋನ್ ಮಾಡಿ, ಮೊದಲ ಗಾಳಿಗೇ ಅಂಗಳದ ತುಂಬ ಹಂಚಿನ ಚೂರು ಅಂದ. ಇದುವರೆಗೆ ಬಿದ್ದದ್ದು ಸೊನ್ನೆ.

ಹಂಚಿನ ಬೆನ್ನಿನಲ್ಲಿ ತೂತಿರುವ ಒಂದು ಮೊಟಕು ಕಿವಿ ಇರುತ್ತಲ್ವಾ, ಮಾಡಿನ ಮೇಲೆ ಅದನ್ನು ಯಾರೂ ಬಳಸುವುದೇ ಇಲ್ಲ, ಹೆಚ್ಚೆಂದರೆ ಸೂರಿನ ಸಾಲಿಗೆ. ಗೋಡೆಯಲ್ಲಿ ಪ್ರತಿ ಹಂಚಿಗೂ ಆ ತೂತಿನಲ್ಲಿ ತಂತಿ ಹೋಗಬೇಕು, ಒಂದೂ ಬಿಡುವ ಹಾಗಿಲ್ಲ. ಮೊದಲು ಉದ್ದುದ್ದ ಒಂದಿಂಚು ಚೌಕ ಪೈಪು, ಮೂರು ಅಡಿಗೊಂದು. ಅದರ ಮೇಲೆ ಅಡ್ಡ ಪೈಪು, ಹನ್ನೆರಡೂವರೆ ಇಂಚಿಗೊಂದು. ಆದರೆ ನಿಮ್ಮ ಹಂಚನ್ನೇ ಇಟ್ಟು ಅಳೆದುಕೊಳ್ಳಿ, ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ. ಗೋಡೆಗೂ ಹಂಚಿಗೂ ನಡುವೆ ಗಾಳಿ ಆಡಬೇಕು, ಹಾಗಾಗಿ ಕೆಳಗೂ ಮೇಲೂ ಬಾಯಿ ತೆರೆದೇ ಇರಲಿ. ಕೆಳಗಿನ ಬಾಯಿಗೆ ಇಲಿ ಹೋಗದ ಹಾಗೆ ಜಾಲರಿ. ತೀರ ಕೆಳಗಿನ ಸಾಲಿಗೆ ಅಡಿಯಲ್ಲಿ ಹಂಚಿನ ಆಸರೆ ಇರುವುದಿಲ್ಲ, ಅದು ಒಳಗೆ ವಾಲುತ್ತೆ, ನೀರು ಗೋಡೆ ಬುಡಕ್ಕೇ ಹನಿಯುತ್ತೆ. ಆ ಸಾಲಿನಡಿ ಹಂಚಿನಷ್ಟೇ ದಪ್ಪದ ಪಟ್ಟಿ ಕೊಟ್ಟು ಹೊರಗೆ ತಳ್ಳಬೇಕು.

ತಂತಿಯ ಕಥೆ ಬೇರೆಯೇ. ಜಿಐ ತಂತಿ ಕತ್ತರಿಸಿದ ತುದಿಯಿಂದ ತುಕ್ಕು ಹಿಡಿಯುತ್ತೆ. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಹಳೆ ತಾಮ್ರದ ತಂತಿ ತಂದು ಒಂದು ಪಟ್ಟಿಯಷ್ಟು ಕಟ್ಟಿ ನೋಡಿದೆವು. ಒಂದೇ ಮಳೆಗಾಲಕ್ಕೆ ತಾಮ್ರ ತಾಗಿದಲ್ಲೆಲ್ಲ ಪೈಪಿನ ಮೇಲೆ ಬಿಳಿ ಪುಡಿ, ಕೆರೆದರೆ ಕೆಳಗೆ ಕೆಂಪು. ಒದ್ದೆಯಲ್ಲಿ ತಾಮ್ರ ಜಿಐಯ ಸತುವನ್ನು ತಿನ್ನುತ್ತೆ. ಬಿಚ್ಚಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ಕಟ್ಟಿದೆವು, 304 ಅನ್ನುವ ದರ್ಜೆಯದೇ ಅಂತ ಕೇಳಿ ತಗೊಳ್ಳಿ.

ಉಳಿದ ತಾಮ್ರವನ್ನು ಕಟ್ಟಿಗೆ ಕೊಟ್ಟಿಗೆಯ ಮಾಡಿನ ನೆತ್ತಿಯ ಉದ್ದಕ್ಕೂ ಎಳೆದು ಬಿಟ್ಟೆ. ಅಲ್ಲಿ ಮರದ ರೀಪು, ಸೀಟಿಲ್ಲ, ತೊಂದರೆಯಿಲ್ಲ. ಈಗ ನೆತ್ತಿಯಿಂದ ಎರಡು ಅಡಿ ಕೆಳಗಿನವರೆಗೆ ಹಂಚು ಕೆಂಪಗಿದೆ, ಆಮೇಲೆ ಪಾಚಿ ಶುರು. ತಂತಿ ತೊಳೆದು ಇಳಿಯುವ ನೀರಿಗೆ ಪಾಚಿ ಹೆದರುತ್ತೆ. ಸೀಟಿರುವ ಮಾಡಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಆ ನೀರು ಸೀಟಿಗೆ ಒಳ್ಳೆಯದಲ್ಲ.

ಹಂಚು ಎಲ್ಲ ಹಳೆಯದೇ. ಕೀಳುವ ಮನೆಗಳಿಂದ ತಲಾ 12 ರೂಪಾಯಿಯಂತೆ ತಂದದ್ದು. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಅನ್ನಬೇಕು, ಇದು ಎಲ್ಲರಿಗೂ ಗೊತ್ತು. ನಾನು ಇನ್ನೊಂದು ಮಾಡಿದೆ. ಪ್ರತಿ ಲಾಟಿನಿಂದ ಒಂದಷ್ಟು ಆರಿಸಿ, ತೂಗಿ, ರಾತ್ರಿಯಿಡೀ ನೀರಲ್ಲಿಟ್ಟು ಮತ್ತೆ ತೂಗಿದೆ. ಒಳ್ಳೆಯದು ಎರಡೂಕಾಲು ಕೆಜಿಗೆ ಮುನ್ನೂರು ಚಿಲ್ಲರೆ ಗ್ರಾಂ ಕುಡಿಯುತ್ತೆ. ಅರ್ಧ ಕೆಜಿ ಕುಡಿಯುವ ಲಾಟನ್ನು ವಾಪಸ್ ಕಳಿಸಿದೆ, ಮಾರಿದವನಿಗೆ ಸಿಟ್ಟು ಬಂತು. ಒಂದು ಲಾಟಿನಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಮುದ್ರೆಯವೂ ಇದ್ದವು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದರಲ್ಲ, ಅವರದು. ಎಲ್ಲಕ್ಕಿಂತ ಕಡಿಮೆ ನೀರು ಕುಡಿದದ್ದು ಅವೇ. ಒಬ್ಬರು ಒಳ್ಳೆ ರೇಟಿಗೆ ಕೇಳಿದರು, ಅಲಂಕಾರಕ್ಕಂತೆ. ಕೊಡಲಿಲ್ಲ, ಗೋಡೆಯ ತೀರ ಮಳೆ ಹೊಡೆಯುವ ಕಡೆ ಹಾಕಿದ್ದೇನೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಗೋಡೆ ಸುಮಾರು 400 ಚದರಡಿ. ಆರುನೂರು ಹಂಚು, ಒಡೆಯುವುದಕ್ಕೆ ಅಂತ ಒಂದಷ್ಟು ಜಾಸ್ತಿ, ಸಾಗಣೆ ಸೇರಿ 11-12 ಸಾವಿರ. ಪೈಪು 15 ಸಾವಿರ. ತಂತಿ, ಸ್ಕ್ರೂ, ಅಲ್ಯೂಮಿನಿಯಂ ಪಟ್ಟಿ ಆರು. ವೆಲ್ಡರ್ ಮತ್ತು ಇಬ್ಬರು ಆಳಿನ ಕೂಲಿ 20ರ ಮೇಲೆ. ಒಟ್ಟು 53-54 ಸಾವಿರ, ಚದರಡಿಗೆ 135ರ ಹತ್ತಿರ. ಶಿವಮೊಗ್ಗದಿಂದ ಬಂದ, ಗೋಡೆಗೆ ಹೊದಿಕೆ ಹಾಕುವ ಕ್ಲ್ಯಾಡಿಂಗ್‌ನವರು ಇದೇ ಗೋಡೆಗೆ ಲಕ್ಷದ ಮೇಲೆ ಹೇಳಿದ್ದರು. ಮಾಡಿನ ಖರ್ಚು ಹೇಳುವುದಿಲ್ಲ, ಮನೆಯವಳಿಗೇ ಪೂರ್ತಿ ಗೊತ್ತಿಲ್ಲ.

ಕಿಟಕಿ ಪಕ್ಕ ಮತ್ತು ಗೋಡೆಯ ಮೂಲೆ ಹೇಗೆ ಮುಗಿಸಿದೆ ಅಂತ ಬಹಳ ಜನ ಕೇಳುತ್ತಾರೆ. ಅಲ್ಯೂಮಿನಿಯಂ ಪಟ್ಟಿ ಅಂತ ಹೇಳಿದೆನಲ್ಲ, ಅದನ್ನು ಎಲ್ಲಿ ಮಡಿಸಬೇಕು ಅನ್ನುವುದರಲ್ಲೇ ಇದೆ ಎಲ್ಲ. ಬರೆದರೆ ಅರ್ಥವಾಗುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ನಕ್ಕ ಮೇಸ್ತ್ರಿ ಈಗ ಇದೇ ಹಂಚಿನ ಗೋಡೆಯನ್ನು ಎರಡು ಮನೆಗೆ ಮಾಡಿಕೊಟ್ಟಿದ್ದಾನೆ, ಒಂದು ಭಾವನದು. ಹಂಚು ಬೇಕಾದವರು ಜನವರಿ ಫೆಬ್ರವರಿಯಲ್ಲೇ ಹುಡುಕಿ. ಮೇ ಬಂತೆಂದರೆ ಮಳೆಗೆ ಮುಂಚೆ ಮಾಡು ಸರಿ ಮಾಡುವವರೆಲ್ಲ ಒಟ್ಟಿಗೆ ಹೊರಡುತ್ತಾರೆ, ನಾವು ತಂದ ವರ್ಷ 12ಕ್ಕೆ ಸಿಕ್ಕ ಹಂಚು ಆಗ 18 ಆಗಿತ್ತು, ತಟ್ಟಿ ನೋಡಲೂ ಬಿಡುವುದಿಲ್ಲ.